ಉಪಾಧ್ಯಾಯರ ಮಕ್ಕಳು ಮತ್ತು ಕಾಲೇಜಿನ ಬಾಗಿಲು: ಒಂದು ಶಿಫಾರಸಿನ ವಿಮರ್ಶೆ

1

ಶಾಲೆಯ ಉಪಾಧ್ಯಾಯರ ಮಕ್ಕಳಿಗೆ ಕಾಲೇಜಿನಲ್ಲಿ ಶುಲ್ಕದ ವಿನಾಯಿತಿ ದೊರೆಯಬೇಕೆಂಬ ಬೇಡಿಕೆ ನಮ್ಮ ದೇಶದಲ್ಲಿ ಹೊಸದಲ್ಲ. ಬೇಡಿಕೆಯನ್ನು ಮುಂದಿಡುವವರು ಗುರುವಿಗೆ ಸಲ್ಲಬೇಕಾದ ಗೌರವವನ್ನು ನೆನಪಿಗೆ ತರುತ್ತಾರೆ; ಅದನ್ನು ಒಪ್ಪದವರು ಬೊಕ್ಕಸದ ಸ್ಥಿತಿಯನ್ನು ಮುಂದೊಡ್ಡುತ್ತಾರೆ. ಒಂದು ಪಕ್ಷದಲ್ಲಿ ಭಾವ ಹೆಚ್ಚು, ಇನ್ನೊಂದರಲ್ಲಿ ಲೆಕ್ಕ ಹೆಚ್ಚು. ಈ ವಿನಾಯಿತಿ ಯಾವ ಕಾರಣಕ್ಕಾಗಿ ಹುಟ್ಟಿತು, ಆ ಕಾರಣ ಇಂದಿಗೂ ಉಳಿದಿದೆಯೆ, ಉಳಿದಿದ್ದರೆ ಯಾರ ಮನೆಯಲ್ಲಿ ಉಳಿದಿದೆ ಎಂಬ ಪ್ರಶ್ನೆಗಳನ್ನು ಎರಡು ಪಕ್ಷಗಳೂ ಕೇಳಿದಂತೆ ಕಾಣುವುದಿಲ್ಲ.

ಪ್ರಕೃತ ಲೇಖನದಲ್ಲಿ ನಾವು 1952-53ರ ಮಾಧ್ಯಮಿಕ ಶಿಕ್ಷಣ ಆಯೋಗದ ವರದಿಯಲ್ಲಿ ಬರುವ ಒಂದು ಚಿಕ್ಕ ಶಿಫಾರಸನ್ನು ಆಧಾರವಾಗಿಟ್ಟುಕೊಂಡು, ಅದರ ಹಿಂದಿನ ಪರಂಪರೆಯನ್ನೂ ಮುಂದಿನ ಪರಿಣಾಮವನ್ನೂ ಪರಿಶೀಲಿಸಲು ಉದ್ದೇಶಿಸಿದ್ದೇವೆ. ನಾವೂ ಸಂಬಳ ಪಡೆದು ಪಾಠ ಹೇಳುವವರ ವರ್ಗಕ್ಕೆ ಸೇರಿದವರು. ಇಂತಹ ವಿನಾಯಿತಿಗಳ ವ್ಯಾಪ್ತಿ ಹಿಗ್ಗಿದರೆ ಅದರ ಫಲ ನಮ್ಮ ಮನೆಗಳಿಗೂ ಬರಬಹುದು. ತನಗೆ ಲಾಭವಿರುವ ವಿಷಯದಲ್ಲಿ ತೀರ್ಪು ಹೇಳುವವನು ಎರಡು ಪಟ್ಟು ಎಚ್ಚರದಿಂದಿರಬೇಕಾಗುತ್ತದೆ. ಆ ಎಚ್ಚರವನ್ನು ಕೊನೆಯವರೆಗೂ ಉಳಿಸಿಕೊಳ್ಳುವ ಪ್ರಯತ್ನ ನಮ್ಮದು.

2

ಉಪಾಧ್ಯಾಯನಿಗೆ ಕಡಮೆ ಸಂಬಳ ಕೊಟ್ಟು, ಉಳಿದುದನ್ನು ಅವನು ಬೇರೆ ಕಡೆಯಿಂದ ತುಂಬಿಕೊಳ್ಳಲಿ ಎಂದು ಬಿಡುವ ನೀತಿಗೆ ದೀರ್ಘವಾದ ಇತಿಹಾಸವಿದೆ. ಅದರ ಒಂದು ತುದಿ ನಮ್ಮ ಬಳ್ಳಾರಿಯಲ್ಲಿಯೇ ಸಿಕ್ಕುತ್ತದೆ. ಮದ್ರಾಸಿನ ಗವರ್ನರ್ ಸರ್ ಥಾಮಸ್ ಮನ್ರೊ 1822ರಲ್ಲಿ ದೇಶೀಯ ಶಾಲೆಗಳ ಲೆಕ್ಕ ಕಳುಹಿಸಬೇಕೆಂದು ಎಲ್ಲ ಕಲೆಕ್ಟರುಗಳಿಗೂ ಆಜ್ಞೆ ಮಾಡಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ವರದಿಯಂತೆ ಆ ಜಿಲ್ಲೆಯಲ್ಲಿ 533 ಪಾಠಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಇಷ್ಟು ಶಾಲೆಗಳಲ್ಲಿ ಒಂದಕ್ಕಾದರೂ ಸರ್ಕಾರದ ನೆರವಿಲ್ಲವೆಂಬುದನ್ನು ಹೇಳಲು ತನಗೆ ನಾಚಿಕೆಯಾಗುತ್ತದೆ ಎಂಬ ಅರ್ಥದ ಮಾತನ್ನು ಕ್ಯಾಂಪ್‌ಬೆಲ್ ಬರೆದಿದ್ದಾನೆ. ಕೂಲಿ ಮಠದ ಅಯ್ಯನವರ ಜೀವನ ಮಕ್ಕಳ ಮನೆಯವರು ಕೊಟ್ಟುದರಲ್ಲಿಯೇ ಸಾಗಬೇಕಾಗಿತ್ತು.

1826ರ ಮಾರ್ಚ್ 10ರ ತನ್ನ ಟಿಪ್ಪಣಿಯಲ್ಲಿ ಮನ್ರೊ ಈ ಸ್ಥಿತಿಯನ್ನು ಸರಿಯಾಗಿಯೇ ಗುರುತಿಸಿದನು. ಉಪಾಧ್ಯಾಯರ ವರಮಾನ ತಿಂಗಳಿಗೆ ಆರು ಏಳು ರೂಪಾಯಿಗಳನ್ನು ಮೀರುವುದು ಅಪೂರ್ವ. ಅಷ್ಟರಿಂದ ಯೋಗ್ಯರು ಈ ವೃತ್ತಿಗೆ ಬರಲಾರರು ಎಂಬುದು ಅವನ ಅಭಿಪ್ರಾಯ. ಆದರೆ ಅವನು ಸೂಚಿಸಿದ ಪರಿಹಾರವನ್ನು ನೋಡಬೇಕು. ಜಿಲ್ಲಾ ಮಟ್ಟದ ಶಾಲೆಯ ಉಪಾಧ್ಯಾಯನಿಗೆ ತಿಂಗಳಿಗೆ 15 ರೂಪಾಯಿ, ತಹಸೀಲು ಶಾಲೆಯವನಿಗೆ 9 ರೂಪಾಯಿ. ಈ ಮೊತ್ತ ಅಲ್ಪವೆಂದು ಅವನಿಗೂ ಗೊತ್ತಿತ್ತು. ಆದರೂ 9 ರೂಪಾಯಿ ಪಡೆಯುವವನು ತನ್ನ ವಿದ್ಯಾರ್ಥಿಗಳಿಂದ ಕಡಮೆಯೆಂದರೆ ಮತ್ತೆ ಅಷ್ಟನ್ನೇ ಪಡೆಯುತ್ತಾನೆ ಎಂಬ ಸಮಾಧಾನವನ್ನು ಅವನು ಹೇಳಿಕೊಂಡನು.

ಇಲ್ಲಿ ಒಂದು ಸೂತ್ರ ಸ್ಪಷ್ಟವಾಗಿ ಕಾಣುತ್ತದೆ. ಸರ್ಕಾರ ಉಪಾಧ್ಯಾಯನ ಸಂಬಳದ ಅರ್ಧವನ್ನು ಕೊಡುತ್ತದೆ. ಉಳಿದರ್ಧ ಹೇಗೋ ಬರುತ್ತದೆಂದು ನಂಬುತ್ತದೆ. ಈ ‘ಹೇಗೋ’ ಎಂಬುದರ ಸ್ವರೂಪ ಕಾಲಕಾಲಕ್ಕೆ ಬದಲಾಯಿತು. ಮನ್ರೊವಿನ ಕಾಲದಲ್ಲಿ ಅದು ಮಕ್ಕಳು ತರುವ ದಕ್ಷಿಣೆ. ಮುಂದೆ ಮನೆಪಾಠದ ಹಣ. ಸ್ವಾತಂತ್ರ್ಯಾನಂತರ ಅದು ರಿಯಾಯಿತಿ ಎಂಬ ಹೆಸರನ್ನು ತಳೆಯಿತು.

3

ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ 1952ರಲ್ಲಿ ನೇಮಕವಾಗಿ ಮರುವರ್ಷ ವರದಿಯನ್ನೊಪ್ಪಿಸಿತು. ಉಪಾಧ್ಯಾಯ ವರ್ಗದ ಸ್ಥಿತಿಗತಿಗಳನ್ನು ಕುರಿತ ಅಧ್ಯಾಯ ಆ ವರದಿಯ ಸಹೃದಯ ಭಾಗಗಳಲ್ಲೊಂದು. ಪಿಂಚಣಿ, ಭವಿಷ್ಯನಿಧಿ, ವಿಮೆ ಎಂಬ ಮೂರನ್ನೂ ಕೂಡಿಸಿದ ತ್ರಿವಿಧ ಸೌಲಭ್ಯ, ವಸತಿ, ಉಚಿತ ವೈದ್ಯೋಪಚಾರ, ಪ್ರಯಾಣದ ರಿಯಾಯಿತಿ ಇವುಗಳ ಸಾಲಿನಲ್ಲಿಯೇ ನಮ್ಮ ವಿಷಯಕ್ಕೆ ಸಂಬಂಧಿಸಿದ ಶಿಫಾರಸು ಬರುತ್ತದೆ: ಉಪಾಧ್ಯಾಯರ ಮಕ್ಕಳಿಗೆ ಶಾಲೆಯ ಹಂತ ಮುಗಿಯುವವರೆಗೆ ಉಚಿತ ಶಿಕ್ಷಣ ದೊರೆಯಬೇಕು.

ಈ ಶಿಫಾರಸಿನ ವಿಷಯದಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದು ಅದರ ನೆರೆಹೊರೆ. ಅದೇ ಅಧ್ಯಾಯದಲ್ಲಿ ಆಯೋಗ ಉಪಾಧ್ಯಾಯರು ಖಾಸಗಿಯಾಗಿ ಮನೆಪಾಠ ಹೇಳುವ ಪದ್ಧತಿ ನಿಲ್ಲಬೇಕೆಂದೂ ಹೇಳುತ್ತದೆ. ತತ್ತ್ವದ ದೃಷ್ಟಿಯಿಂದ ಇದು ಸರಿಯಾದ ಮಾತು. ಆದರೆ ಮನೆಯ ಲೆಕ್ಕದ ದೃಷ್ಟಿಯಿಂದ ನೋಡಿದರೆ, ಕೈಗೆ ಬರುತ್ತಿದ್ದ ಹಣ ನಿಂತು ಅದರ ಸ್ಥಾನದಲ್ಲಿ ಕೈಯಿಂದ ಹೋಗುವ ಹಣದ ಒಂದು ಭಾಗ ಉಳಿಯುತ್ತದೆ. ಮಕ್ಕಳು ಶಾಲೆಯಲ್ಲಿರುವಷ್ಟು ಕಾಲ ಮಾತ್ರ ಈ ಉಳಿತಾಯ.

ಎರಡನೆಯದು ಅದರ ಎಲ್ಲೆ. ಶಾಲೆಯ ಹಂತ ಮುಗಿಯುವವರೆಗೆ ಎಂಬಲ್ಲಿಗೆ ಶಿಫಾರಸು ನಿಲ್ಲುತ್ತದೆ. ಆಯೋಗದ ಅಧಿಕಾರ ಮಾಧ್ಯಮಿಕ ಶಿಕ್ಷಣಕ್ಕೆ ಸೀಮಿತವಾಗಿತ್ತೆಂಬುದನ್ನು ಒಪ್ಪೋಣ. ಆದರೂ ಪರಿಣಾಮವನ್ನು ಮರೆಯಲಾಗದು. ಶಾಲೆಯ ಶಿಕ್ಷಣ ಉಪಾಧ್ಯಾಯನಿಗೆ ಅಪರಿಚಿತವಾದುದಲ್ಲ. ಅವನು ನಿತ್ಯವೂ ಅಲ್ಲಿಯೇ ಇರುವವನು, ತನ್ನ ಮಗುವನ್ನು ಕೈಹಿಡಿದು ಕರೆದುಕೊಂಡು ಹೋಗಬಲ್ಲವನು. ಅವನ ಶಕ್ತಿ ಮೀರುವುದು ಅನಂತರ: ಊರು ಬಿಟ್ಟು, ಕೋಣೆ ಹಿಡಿದು, ಪುಸ್ತಕ ಕೊಂಡು, ನಾಲ್ಕೈದು ವರ್ಷ ಓದಬೇಕಾದಾಗ. ಎಲ್ಲಿ ಭಾರ ಹಗುರವಾಗಿತ್ತೋ ಅಲ್ಲಿ ನೆರವು ಬಂದಿತು. ಎಲ್ಲಿ ಭಾರ ಹೆಗಲು ಬಗ್ಗಿಸುತ್ತದೆಯೋ ಅಲ್ಲಿ ನೆರವು ಕೊನೆಗೊಂಡಿತು. ಪರರ ಮಕ್ಕಳನ್ನು ಕಾಲೇಜಿಗೆ ಸಿದ್ಧಪಡಿಸುವುದೇ ಯಾರ ವೃತ್ತಿಯೋ ಅವರ ಮಕ್ಕಳೇ ಆ ಬಾಗಿಲಿನ ಹೊರಗೆ ನಿಲ್ಲುವುದು ದೀಪದ ಬುಡದ ಕತ್ತಲೆಯಲ್ಲದೆ ಮತ್ತೇನು?

4

ಈ ಕೊರತೆಯನ್ನು ಮುಂದಿನ ದಶಕ ಗುರುತಿಸಲಿಲ್ಲವೆಂದು ಹೇಳುವಂತಿಲ್ಲ. ಆಯೋಗದ ಸದಸ್ಯರಲ್ಲೊಬ್ಬರಾಗಿದ್ದ ಡಾ. ಕೆ. ಎಲ್. ಶ್ರೀಮಾಲಿಯವರು ಕೇಂದ್ರದ ವಿದ್ಯಾಮಂತ್ರಿಗಳಾಗಿದ್ದಾಗ, 1961-62ರಲ್ಲಿ, ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳ ಉಪಾಧ್ಯಾಯರ ಮಕ್ಕಳಿಗಾಗಿಯೇ ಪ್ರತಿಭಾ ವಿದ್ಯಾರ್ಥಿವೇತನದ ಯೋಜನೆಯೊಂದು ಆರಂಭವಾಯಿತು. ಇದೇ ಶ್ರೀಮಾಲಿಯವರು 1964ರಿಂದ 1969ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು. ಈ ಯೋಜನೆ ಮೆಟ್ರಿಕ್ಯುಲೇಷನ್ನಿನ ನಂತರದ ಓದಿಗೆ, ಅಂದರೆ 1953ರ ಶಿಫಾರಸು ನಿಂತ ಜಾಗದಿಂದ ಮುಂದಕ್ಕೆ ಉದ್ದೇಶಿಸಿದ್ದು. ಬಾಗಿಲು ತೆರೆಯಿತೆಂಬುದು ನಿಜ. ಎಷ್ಟು ಅಗಲ ತೆರೆಯಿತೆಂಬುದು ಪ್ರಶ್ನೆ. ವರ್ಷಕ್ಕೆ 500 ವೇತನಗಳು. ಆಗ ದೇಶದ ಶಾಲೆಗಳಲ್ಲಿದ್ದ ಉಪಾಧ್ಯಾಯರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ಎಂದರೆ 2,600ಕ್ಕೂ ಹೆಚ್ಚು ಮಂದಿ ಉಪಾಧ್ಯಾಯರಿಗೆ ವರ್ಷಕ್ಕೊಂದು ವೇತನ. ಇದನ್ನು ಸನ್ಮಾನವೆನ್ನಬಹುದು, ಸೌಲಭ್ಯವೆನ್ನಲಾಗದು.

1962ರಲ್ಲಿ ಶಿಕ್ಷಕರ ಕಲ್ಯಾಣಕ್ಕಾಗಿ ರಾಷ್ಟ್ರೀಯ ಪ್ರತಿಷ್ಠಾನವು 1890ರ ಧರ್ಮಾದಾಯ ದತ್ತಿಗಳ ಕಾಯಿದೆಯ ಮೇರೆಗೆ ಸ್ಥಾಪಿತವಾಯಿತು. ಒಂದು ಕಾಲಕ್ಕೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಡಾ. ರಾಧಾಕೃಷ್ಣನ್ನರು ಆ ವರ್ಷ ರಾಷ್ಟ್ರಪತಿಗಳಾದರು. ಅವರ ಜನ್ಮದಿನವಾದ ಸೆಪ್ಟೆಂಬರ್ 5 ಶಿಕ್ಷಕರ ದಿನವಾಯಿತು. ಅಂದು ಧ್ವಜಗಳನ್ನು ಮಾರಿ ಕೂಡಿಸಿದ ಹಣ ಇಂತಹ ನಿಧಿಗಳಿಗೆ ಸಲ್ಲುವ ಪದ್ಧತಿ ಬೆಳೆಯಿತು. ಉಪಾಧ್ಯಾಯರ ಮಕ್ಕಳ ವೃತ್ತಿ ಶಿಕ್ಷಣಕ್ಕೆ ಧನಸಹಾಯ ಮಾಡುವುದೂ ಪ್ರತಿಷ್ಠಾನದ ಕಾರ್ಯಗಳಲ್ಲೊಂದಾಯಿತು. ನಮ್ಮ ರಾಜ್ಯದ ಶಿಕ್ಷಕರ ಕಲ್ಯಾಣ ನಿಧಿಯೂ ಇದೇ ಸಂಪ್ರದಾಯದ್ದು. ಈ ನಿಧಿಗಳಿಂದ ಓದಿ ಮುಂದೆ ಬಂದವರನ್ನು ನಾವು ಬಲ್ಲೆವು. ಅವುಗಳ ಉಪಕಾರವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಕಾನೂನಿನ ಶಬ್ದವನ್ನು ಗಮನಿಸಬೇಕು. ಅದು ದತ್ತಿ, ಹಕ್ಕಲ್ಲ. ಶಾಲೆಯ ಮಕ್ಕಳ ಕೈಯಿಂದ ಬಂದ ಚಿಲ್ಲರೆ ಕಾಸಿನಲ್ಲಿ ಗುರುವಿನ ಮಗ ಓದಬೇಕಾದ ವ್ಯವಸ್ಥೆಯು ಬಳ್ಳಾರಿಯ ಕೂಲಿ ಮಠದಿಂದ ಎಷ್ಟು ದೂರ ಬಂದಿದೆ ಎಂಬುದನ್ನು ವಾಚಕರೇ ನಿರ್ಣಯಿಸಬಹುದು.

ಈ ಹಿನ್ನೆಲೆಯಲ್ಲಿ ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗದ 1966ರ ವರದಿ ಮಹತ್ತ್ವದ ತಿರುವನ್ನು ಸೂಚಿಸುತ್ತದೆ. ಕಲ್ಯಾಣ ಕಾರ್ಯಗಳಿಗೆ ಉಪಾಧ್ಯಾಯರು ಸಂಬಳದ ಶೇಕಡ ಒಂದೂವರೆಯಷ್ಟನ್ನು ಕೊಡಲಿ, ಸರ್ಕಾರ ಅಷ್ಟನ್ನೇ ಸೇರಿಸಲಿ ಎಂದು ಅದು ಸಲಹೆ ಮಾಡಿತು. ದಾನದ ಸ್ಥಾನದಲ್ಲಿ ಪಾಲುಗಾರಿಕೆ ಬಂದಿತು. ಅದಕ್ಕಿಂತ ಮುಖ್ಯವಾದುದು ಶುಲ್ಕವನ್ನು ಕುರಿತ ಅದರ ನಿಲುವು. ಎಲ್ಲ ಶಿಕ್ಷಣವೂ ಕ್ರಮೇಣ ಶುಲ್ಕರಹಿತವಾಗಬೇಕು. ಮುಂದಿನ ಹತ್ತು ವರ್ಷಗಳಲ್ಲಿ ಉನ್ನತ ಮಾಧ್ಯಮಿಕ ಮತ್ತು ವಿಶ್ವವಿದ್ಯಾನಿಲಯದ ಹಂತದಲ್ಲಿ ಅಗತ್ಯವೂ ಅರ್ಹತೆಯೂ ಉಳ್ಳ ಎಲ್ಲರಿಗೂ ವಿನಾಯಿತಿ ವಿಸ್ತರಿಸಬೇಕು. ಮೊದಲ ಹೆಜ್ಜೆಯಾಗಿ ಶೇಕಡ 30ರಷ್ಟು ವಿದ್ಯಾರ್ಥಿಗಳಿಗೆ ಅದು ದೊರೆಯಬೇಕು ಎಂದು ಆಯೋಗ ಹೇಳಿತು. 1953ರ ವರದಿ ‘ಇವನು ಯಾರ ಮಗ?’ ಎಂದು ಕೇಳಿತ್ತು. 1966ರ ವರದಿ ‘ಇವನಿಗೆ ಅಗತ್ಯವಿದೆಯೆ?’ ಎಂದು ಕೇಳಿತು. ಎರಡನೆಯ ಪ್ರಶ್ನೆಯೇ ಹೆಚ್ಚು ನ್ಯಾಯವಾದುದೆಂಬುದು ನಮ್ಮ ನಿಶ್ಚಿತಾಭಿಪ್ರಾಯ. ಉಪಾಧ್ಯಾಯನ ಮಗನಿಗೆ ಸಲ್ಲುವುದು ನೇಕಾರನ ಮಗಳಿಗೆ ಏಕೆ ಸಲ್ಲಬಾರದೆಂಬ ಆಕ್ಷೇಪಣೆಗೆ ಮೊದಲನೆಯ ಪ್ರಶ್ನೆಯಲ್ಲಿ ಉತ್ತರವಿಲ್ಲ.

ಇದೇ ಕಾಲದ ಮತ್ತೊಂದು ಯೋಜನೆಯನ್ನೂ ಹೆಸರಿಸಬೇಕು. 1963ರಲ್ಲಿ ಆರಂಭವಾದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನದಲ್ಲಿ, ಸಾಲ ಪಡೆದು ಓದಿದವನು ಉಪಾಧ್ಯಾಯನಾದರೆ ಅವನ ಸೇವೆಯ ಪ್ರತಿ ವರ್ಷಕ್ಕೂ ಸಾಲದ ಹತ್ತನೆಯ ಒಂದು ಭಾಗ ಮನ್ನಾ ಆಗುತ್ತಿತ್ತು. ಇಲ್ಲಿ ಸೌಲಭ್ಯ ಸಲ್ಲುವುದು ಜನ್ಮಕ್ಕಲ್ಲ, ನೇಮಕದ ಅಂತಸ್ತಿಗೂ ಅಲ್ಲ, ಮಾಡಿದ ಕೆಲಸಕ್ಕೆ. ಈ ಅಂಶಕ್ಕೆ ನಾವು ಮತ್ತೆ ಬರುತ್ತೇವೆ.

5

ಅಲ್ಲಿಂದ ಇಲ್ಲಿಗೆ ಅರುವತ್ತು ವರ್ಷಗಳು ಕಳೆದಿವೆ. ಈ ಅವಧಿಯಲ್ಲಿ 1953ರ ಶಿಫಾರಸಿನ ಎರಡು ಆಧಾರಗಳೂ ಕದಲಿದವು. ಸಂವಿಧಾನದ 2002ರ ಎಂಬತ್ತಾರನೆಯ ತಿದ್ದುಪಡಿ ಹಾಗೂ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯಿಂದ ಎಂಟನೆಯ ತರಗತಿಯವರೆಗಿನ ಉಚಿತ ಶಿಕ್ಷಣ ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳ ಹಕ್ಕಾಯಿತು. ಆ ಮಟ್ಟಿಗೆ ಉಪಾಧ್ಯಾಯರ ಮಕ್ಕಳ ವಿಶೇಷ ರಿಯಾಯಿತಿಗೆ ಅರ್ಥ ಉಳಿಯಲಿಲ್ಲ. ಇತ್ತ ಸರ್ಕಾರಿ ಶಾಲೆಗಳ ಉಪಾಧ್ಯಾಯರ ಸಂಬಳ ಒಂದರ ಮೇಲೊಂದು ಬಂದ ವೇತನ ಆಯೋಗಗಳಿಂದ ಸುಧಾರಿಸಿತು. ಇದು ಹೋರಾಟದಿಂದ ಬಂದ ಫಲ, ನ್ಯಾಯವಾದ ಫಲ.

ಆದರೆ ಹಳೆಯ ಎಲ್ಲೆ ಮಾತ್ರ ಆಶ್ಚರ್ಯಕರವಾಗಿ ಉಳಿದುಕೊಂಡಿತು. ಕೇಂದ್ರ ಸರ್ಕಾರದ ನೌಕರರಿಗೂ ಕೇಂದ್ರೀಯ ವಿದ್ಯಾಲಯಗಳ ಉಪಾಧ್ಯಾಯರಿಗೂ ದೊರೆಯುವ ಮಕ್ಕಳ ಶಿಕ್ಷಣ ಭತ್ಯೆ 2017ರ ಜುಲೈ 1ರಿಂದ ಮಗುವೊಂದಕ್ಕೆ ತಿಂಗಳಿಗೆ 2,250 ರೂಪಾಯಿಯಾಯಿತು. 2024ರ ಜನವರಿ 1ರಿಂದ 2,812.50 ರೂಪಾಯಿಗೆ ಏರಿತು. ಅದು ಸಲ್ಲುವುದು ಹನ್ನೆರಡನೆಯ ತರಗತಿಯವರೆಗೆ. ಮೊತ್ತ ಬೆಳೆಯಿತು, ಬೇಲಿ ಇದ್ದಲ್ಲಿಯೇ ಇದೆ. ಕಾಲೇಜಿನ ಶುಲ್ಕವನ್ನು ಗಮನಕ್ಕೆ ತಂದುಕೊಂಡುದು ಆದಾಯ ತೆರಿಗೆಯ ಕಾನೂನು. 1961ರ ಕಾಯಿದೆಯ 80ಸಿ ಪ್ರಕರಣ ಇಬ್ಬರು ಮಕ್ಕಳ ಬೋಧನಾ ಶುಲ್ಕವನ್ನು, ಕಾಲೇಜಿನದನ್ನೂ ಸೇರಿಸಿ, ತೆರಿಗೆಯ ಲೆಕ್ಕದಿಂದ ಕಳೆಯಲು ಅವಕಾಶ ಕೊಟ್ಟಿತು. ಆದರೆ ತೆರಿಗೆ ಕೊಡುವಷ್ಟು ವರಮಾನವಿದ್ದವನಿಗೆ ಮಾತ್ರ ತೆರಿಗೆಯ ರಿಯಾಯಿತಿ ದಕ್ಕುತ್ತದೆ. ಹೆಚ್ಚು ಪಡೆಯುವವನಿಗೆ ಹೆಚ್ಚು ಉಳಿತಾಯ, ಕಡಮೆ ಪಡೆಯುವವನಿಗೆ ಬರಿಗೈ. ಇದು ನೆರವಿನ ಸೂತ್ರವನ್ನೇ ತಲೆಕೆಳಗು ಮಾಡಿದಂತೆ.

ಪ್ರತಿವರ್ಷ ಪ್ರವೇಶದ ದಿನಗಳಲ್ಲಿ ನಾವು ಅರ್ಜಿಗಳನ್ನು ಪರಿಶೀಲಿಸುವ ಮೇಜಿನ ಬಳಿ ಕುಳಿತಿರುತ್ತೇವೆ. ತಂದೆಯ ಅಥವಾ ತಾಯಿಯ ಉದ್ಯೋಗವೆಂಬ ಅಂಕಣದಲ್ಲಿ ‘ಶಿಕ್ಷಕ’ ಎಂಬ ಒಂದೇ ಮಾತು ಬರೆದಿರುತ್ತದೆ. ಆ ಒಂದು ಮಾತಿನ ಹಿಂದೆ ಮೂರು ಬಗೆಯ ಮನೆಗಳಿವೆ. ಒಂದು, ಸರ್ಕಾರಿ ಅಥವಾ ಅನುದಾನಿತ ಶಾಲೆಯ ಕಾಯಂ ಉಪಾಧ್ಯಾಯರದು. ಇನ್ನೊಂದು, ಅನುದಾನರಹಿತ ಖಾಸಗಿ ಶಾಲೆಯಲ್ಲಿ ಆಡಳಿತ ಮಂಡಲಿ ಕೊಟ್ಟಷ್ಟನ್ನು ಪಡೆದು ದುಡಿಯುವವರದು. ಮೂರನೆಯದು, ಸರ್ಕಾರಿ ಶಾಲೆಯಲ್ಲಿಯೇ ಪಾಠ ಹೇಳಿದರೂ ಸಂಬಳವಲ್ಲದೆ ಗೌರವಧನವನ್ನು, ಅದನ್ನೂ ಶೈಕ್ಷಣಿಕ ವರ್ಷದ ತಿಂಗಳುಗಳಿಗೆ ಮಾತ್ರ, ಪಡೆಯುವ ಅತಿಥಿ ಶಿಕ್ಷಕರದು. ಮೂವರೂ ಅದೇ ಪಠ್ಯವನ್ನು ಅದೇ ವಯಸ್ಸಿನ ಮಕ್ಕಳಿಗೆ ಹೇಳುತ್ತಾರೆ. ಆದರೆ ಶುಲ್ಕದ ಚೀಟಿಯನ್ನು ಕೈಗೆ ತೆಗೆದುಕೊಂಡಾಗ ಮೂವರ ಮುಖಗಳೂ ಒಂದೇ ತೆರನಾಗಿರುವುದಿಲ್ಲ. ಕಂತಿನಲ್ಲಿ ಕಟ್ಟಬಹುದೆ ಎಂದು ತಗ್ಗಿದ ದನಿಯಲ್ಲಿ ಕೇಳುವವರು ಎರಡನೆಯ ಮತ್ತು ಮೂರನೆಯ ಮನೆಯವರು. ಕೇಳಿದ ಮೇಲೆ ತಮ್ಮ ಉದ್ಯೋಗ ಯಾವುದೆಂದು ಹೇಳಲು ಸಂಕೋಚಪಡುವವರನ್ನೂ ನಾವು ಕಂಡಿದ್ದೇವೆ.

ಮೊದಲಿಯಾರ್ ಆಯೋಗದ ಕಣ್ಣ ಮುಂದಿದ್ದ ಉಪಾಧ್ಯಾಯ ಇಂದು ಈ ಎರಡು ಮನೆಗಳಲ್ಲಿದ್ದಾನೆ. ಕಡಮೆ ಸಂಬಳ, ಭದ್ರತೆಯ ಅಭಾವ, ಮನೆಪಾಠದ ಅನಿವಾರ್ಯತೆ ಎಲ್ಲವೂ ಅಲ್ಲಿ ಇದ್ದಂತೆಯೇ ಇವೆ. ಆದರೆ 1953ರಿಂದ ಬೆಳೆದು ಬಂದ ಸೌಲಭ್ಯಗಳ ಬಹುಪಾಲು ಕಾಯಂ ನೇಮಕದ ಆದೇಶಕ್ಕೆ ಅಂಟಿಕೊಂಡಿರುವುದರಿಂದ ಆ ಮನೆಗಳನ್ನು ತಲಪುವುದಿಲ್ಲ. ಕಾರಣವಿದ್ದಲ್ಲಿ ಸೌಲಭ್ಯವಿಲ್ಲ, ಸೌಲಭ್ಯವಿದ್ದಲ್ಲಿ ಹಳೆಯ ಕಾರಣವಿಲ್ಲ. ಈ ವಿಪರ್ಯಾಸವೇ ನಮ್ಮ ವಿಮರ್ಶೆಯ ಮುಖ್ಯಾಂಶ.

ಖಾಸಗಿ ಶಾಲೆಗಳು ತಮ್ಮ ಉಪಾಧ್ಯಾಯರ ಮಕ್ಕಳಿಗೆ ಶುಲ್ಕ ಕಡಮೆ ಮಾಡುತ್ತವಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಅನೇಕ ಕಡೆ ಮಾಡುತ್ತವೆ. ಆದರೆ ಆ ರಿಯಾಯಿತಿ ಆ ಶಾಲೆಯ ಗೋಡೆಯೊಳಗಿನದು. ತಾಯಿ ಕೆಲಸ ಬಿಟ್ಟರೆ ಮಗು ಶಾಲೆ ಬಿಡಬೇಕಾಗುತ್ತದೆಂಬ ಭಯ ಅವಳನ್ನು ಕಡಮೆ ಸಂಬಳಕ್ಕೆ ಕಟ್ಟಿಹಾಕುತ್ತದೆ. ಮಗು ಹತ್ತನೆಯ ತರಗತಿ ಮುಗಿಸಿ ಹೊರಗೆ ಬಂದ ದಿನ ರಿಯಾಯಿತಿಯೂ ಮುಗಿಯುತ್ತದೆ. ಉಳಿಯುವುದು ಅಷ್ಟು ವರ್ಷ ಬೆಳೆಯದ ಸಂಬಳ. ಮನ್ರೊವಿನ ಅರ್ಧ ಸಂಬಳದ ಸೂತ್ರ ಇಲ್ಲಿ ಹೊಸ ವೇಷದಲ್ಲಿ ಬದುಕಿದೆ.

6

ಹಾಗಾದರೆ ಉಪಾಧ್ಯಾಯನ ಮಕ್ಕಳಿಗೆಂದೇ ಪ್ರತ್ಯೇಕವಾಗಿ ಏನೂ ಬೇಡವೆ? ಈ ವಿನಾಯಿತಿಯನ್ನು ಸಮರ್ಥಿಸುವ ವಾದಗಳು ಮೂರು. ಸಂಬಳ ಕಡಮೆಯೆಂಬುದು ಮೊದಲನೆಯದು. ಅದು ನಿಜವಾದಲ್ಲಿ ತಕ್ಕ ಪರಿಹಾರ ಸಂಬಳವೇ ಹೊರತು ರಿಯಾಯಿತಿಯಲ್ಲ. ಮಕ್ಕಳಿಲ್ಲದ ಉಪಾಧ್ಯಾಯನಿಗೂ, ಮಕ್ಕಳು ಇನ್ನೂ ಚಿಕ್ಕವರಾಗಿರುವವನಿಗೂ ಹೊಟ್ಟೆಯಿದೆ. ಗುರುವಿಗೆ ಗೌರವವೆಂಬುದು ಎರಡನೆಯದು. ಗೌರವ ಗುರುವಿಗೆ ಸಲ್ಲಬೇಕಾದುದು. ಅದು ಆಸ್ತಿಯಂತೆ ಮಕ್ಕಳಿಗೆ ಇಳಿಯತಕ್ಕದ್ದಲ್ಲ. ಸಾರ್ವಜನಿಕ ಸೌಲಭ್ಯ ವೃತ್ತಿಯ ಮೂಲಕ ವಂಶಕ್ಕೆ ಹರಿಯುವುದು ಪ್ರಜಾಪ್ರಭುತ್ವದಲ್ಲಿ ಶೋಭಿಸುವ ಮಾತಲ್ಲ.

ಮೂರನೆಯ ವಾದವನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ; ನಮಗೆ ಬಲವಾಗಿ ತೋರುವುದು ಅದೊಂದೇ. ಹಳ್ಳಿಯ ಶಾಲೆಯ ಉಪಾಧ್ಯಾಯ ಆ ಹಳ್ಳಿಯಲ್ಲಿರುವುದು ತನ್ನ ಇಚ್ಛೆಯಿಂದಲ್ಲ. ಸಮಾಜ ಅವನನ್ನು ಅಲ್ಲಿಗೆ ಕಳುಹಿಸಿದೆ. ಕಾಲೇಜಿಲ್ಲದ ಊರಿನಲ್ಲಿ ಅವನು ನೆಲಸಿದುದರಿಂದಲೇ ಆ ಊರಿನ ಮಕ್ಕಳು ಕಾಲೇಜಿನ ಕನಸು ಕಾಣುವಂತಾಯಿತು. ಅಲ್ಲಿ ನೆಲಸಿದುದರಿಂದಲೇ ಅವನ ಸ್ವಂತ ಮಗಳು ಮನೆಯಿಂದ ದೂರದ ಪಟ್ಟಣದಲ್ಲಿ ಕೋಣೆ ಹುಡುಕಬೇಕಾಯಿತು. ಈ ವೆಚ್ಚ ಅವನ ಕರ್ತವ್ಯದಿಂದ ನೇರವಾಗಿ ಹುಟ್ಟಿದುದು. ಇದು ಕಾಯಂ ಉಪಾಧ್ಯಾಯನಿಗೂ ಅತಿಥಿ ಶಿಕ್ಷಕನಿಗೂ ಸಮಾನ. ಇಂತಹ ಮನೆಗೆ ಬೇಕಾದುದು ಬೋಧನಾ ಶುಲ್ಕದ ವಿನಾಯಿತಿಗಿಂತ ಹೆಚ್ಚಾಗಿ ವಿದ್ಯಾರ್ಥಿ ನಿಲಯದಲ್ಲಿ ಒಂದು ಸ್ಥಳ, ಎರಡು ಹೊತ್ತಿನ ಊಟ. ಸರ್ಕಾರಿ ಕಾಲೇಜಿನ ಶುಲ್ಕವನ್ನು ಹೊಂದಿಸಬಲ್ಲ ತಂದೆ ಪಟ್ಟಣದ ಬಾಡಿಗೆಯನ್ನು ಹೊಂದಿಸಲಾರ.

ಹೀಗೆ ನೋಡಿದಾಗ ನಮ್ಮ ನಿರ್ಣಯ ಇಷ್ಟು. ಕಾಲೇಜು ಶಿಕ್ಷಣದ ವಿನಾಯಿತಿ ಅಗತ್ಯವನ್ನು ಅನುಸರಿಸಲಿ. ನೇಕಾರನ ಮಗಳೂ ಶಿಕ್ಷಕನ ಮಗನೂ ಒಂದೇ ಸಾಲಿನಲ್ಲಿ ನಿಲ್ಲಲಿ. 1966ರ ವರದಿ ತೋರಿದ ಈ ದಾರಿಯನ್ನು ಬಿಟ್ಟು ವೃತ್ತಿಗೊಂದು ರಿಯಾಯಿತಿಯ ಬೇಲಿ ಹಾಕುವುದು ಹಿನ್ನಡೆಯಾಗುತ್ತದೆ. ಆ ದಾರಿ ಪೂರ್ತಿಯಾಗುವವರೆಗೆ ಉಪಾಧ್ಯಾಯರ ಕಲ್ಯಾಣಕ್ಕೆಂದು ಕೂಡಿಸಿದ ಹಣ ಇದ್ದಷ್ಟೂ ಮೊದಲು ಸಲ್ಲಬೇಕಾದುದು ಅನುದಾನರಹಿತ ಶಾಲೆಗಳ ಉಪಾಧ್ಯಾಯರ ಮತ್ತು ಅತಿಥಿ ಶಿಕ್ಷಕರ ಮಕ್ಕಳಿಗೆ, ಹಾಗೂ ಕಾಲೇಜಿಲ್ಲದ ಊರುಗಳಲ್ಲಿ ದುಡಿಯುವವರ ಮಕ್ಕಳ ವಸತಿಗೆ. 1963ರ ಸಾಲ ಮನ್ನಾದ ಯೋಜನೆ ನೇಮಕದ ದರ್ಜೆಯನ್ನು ಕೇಳದೆ ಸೇವೆಯ ವರ್ಷಗಳನ್ನು ಎಣಿಸಿತು. ಆ ಲೆಕ್ಕದ ರೀತಿಯನ್ನೇ ಇಲ್ಲಿಯೂ ಅನುಸರಿಸಬಹುದು: ಎಷ್ಟು ವರ್ಷ ಪಾಠ ಹೇಳಿದ್ದಾರೆ ಎಂಬುದು ಪ್ರಶ್ನೆಯಾಗಲಿ, ಯಾವ ಆದೇಶದ ಮೇರೆಗೆ ಹೇಳಿದ್ದಾರೆ ಎಂಬುದಲ್ಲ.

ಈ ಮಾತು ಕಾಯಂ ಉಪಾಧ್ಯಾಯರಿಗೆ, ನಮ್ಮಂತಹ ಕಾಲೇಜಿನ ಅಧ್ಯಾಪಕರಿಗೂ, ಅಪ್ರಿಯವಾಗಬಹುದು. ಆದರೆ ಪಂಕ್ತಿಯಲ್ಲಿ ಮೊದಲು ಕುಳಿತು ಉಂಡವರು ಎಲೆ ಸಿಕ್ಕದವರ ಪರವಾಗಿ ಮಾತನಾಡದಿದ್ದರೆ ಮತ್ತೆ ಯಾರು ಮಾತನಾಡಬೇಕು? ಇನ್ನೂರು ವರ್ಷಗಳ ಹಿಂದೆ ಬಳ್ಳಾರಿಯ ಕಲೆಕ್ಟರನೊಬ್ಬನು ತನ್ನ ಸರ್ಕಾರದ ಪರವಾಗಿ ನಾಚಿಕೊಂಡನು. ಅಂತಹ ನಾಚಿಕೆಯನ್ನು ನಮ್ಮ ಪ್ರವೇಶದ ಮೇಜಿನೆದುರು ನಿಂತ ಶಿಕ್ಷಕರ ಪಾಲಿಗೆ ಬಿಟ್ಟುಕೊಡುವುದು ನಮಗೆ ತಕ್ಕುದಲ್ಲ.